ಬಸಳೆಗೆ 12 ಟನ್

ಅಮ್ಮನ ಬಸಳೆ ಚಪ್ಪರ ಪ್ರತಿ ಮಳೆಗಾಲ ಒಮ್ಮೆ ಬೀಳುತ್ತದೆ. ಅಡಿಕೆ ದಬ್ಬೆಯ ಬುಡಕ್ಕೆ ಒರಲೆ ಹಿಡಿದಿರುತ್ತದೆ, ಮೇಲಿಂದ ಒಂದು ಗಾಳಿ ಬೀಸಿದರೆ ಮುಗಿಯಿತು. ಈ ಸಲ ಬಿದ್ದಾಗ ನಾನು ಸುಮ್ನೆ ಇರಬೇಕಿತ್ತು. "ಕಬ್ಬಿಣದ ಟ್ಯೂಬು ಬಗ್ಗಿಸಿ ಕಮಾನಿನ ಚಪ್ಪರ ಮಾಡ್ತೇನಮ್ಮಾ" ಎಂದುಬಿಟ್ಟೆ.

ಮನೆ ಹಿಂದಿನ ಶೆಡ್ಡಿನಲ್ಲಿ ನನ್ನದೊಂದು ವರ್ಕ್‌ಶಾಪ್ ಉಂಟು. ಒಂದು ವೈಸ್, ಒಂದು ಗ್ರೈಂಡರ್, ಎರಡು ವರ್ಷದಿಂದ ಬಿಚ್ಚಿಟ್ಟ ಒಂದು ಮಿಕ್ಸಿ. ಟ್ಯೂಬು ಬಗ್ಗಿಸುವ ಬೆಂಡರ್ ಮಾತ್ರ ಇರಲಿಲ್ಲ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಎಂತ ಮಾಡ್ಲಿಕ್ಕೆ?" ಅಂಗಡಿಯವರು ಕೇಳಿದರು.

ಪಕ್ಕದಲ್ಲಿ ಬೋಟಿನ ಕೆಲಸದವರಿಬ್ಬರು ನನ್ನ ಮಣಿಕಟ್ಟಿನಷ್ಟು ದಪ್ಪದ ಬೋಲ್ಟು ಆರಿಸುತ್ತಿದ್ದರು. ಅವರೆದುರು ಬಸಳೆ ಎನ್ನಲು ನಾಲಿಗೆ ಏಳಲಿಲ್ಲ. "ವರ್ಕ್‌ಶಾಪಿಗೆ" ಎಂದೆ.

"ಪೈಪಾ, ಟ್ಯೂಬಾ?"

"ಎರಡೂ ಬರ್ತದೆ. ಒಂದು ಇಂಚು."

ಅವರು ಮೊದಲು ತೋರಿಸಿದ್ದು ಮೂರು ರೋಲರಿನ, ಕೈಯಲ್ಲಿ ತಿರುಗಿಸುವ ಯಂತ್ರ. ನೋಡಲಿಕ್ಕೆ ಕಬ್ಬಿನ ಜ್ಯೂಸ್ ಮೆಷಿನ್ನಿನ ತಮ್ಮನ ಹಾಗಿತ್ತು. ಅದರ ಆಚೆ ಕೆಂಪು ಬಣ್ಣದ ಹೈಡ್ರಾಲಿಕ್ ಬೆಂಡರ್. ಮೈಮೇಲೆ '12 ಟನ್' ಎಂದು ಬರೆದಿತ್ತು, ಅದು ಒತ್ತುವ ಬಲದ ಲೆಕ್ಕ. ಬೋಟಿನವರೂ ಒಮ್ಮೆ ತಿರುಗಿ ನೋಡಿದರು. ಅಷ್ಟು ಸಾಕಾಯಿತು. ರಿಕ್ಷಾದವರು ಅದನ್ನು ಹತ್ತಿಸುವ ಮೊದಲು ಟಯರನ್ನು ಎರಡು ಸಲ ಒತ್ತಿ ನೋಡಿದರು.

ಆದಿತ್ಯವಾರ ಉದ್ಘಾಟನೆ. ಒಂದಿಂಚಿನ ಡೈ, ಅಂದರೆ ಟ್ಯೂಬು ಕೂರುವ ಅಚ್ಚು, ಒಂದಿಂಚಿನ ಟ್ಯೂಬು, ಮತ್ತೇನು ಬೇಕು? ಆದರೆ ಟ್ಯೂಬು ಡೈಯೊಳಗೆ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನ ಹಾಗೆ ಲೊಡಲೊಡ ಎನ್ನುತ್ತಿತ್ತು. ಇರಲಿ ಎಂದು ಹಿಡಿಕೆ ಒತ್ತಿದೆ. ಟ್ಯೂಬು ಸ್ವಲ್ಪ ಬಗ್ಗಿತು, ಅಮ್ಮನ ಮುಖ ಅರಳಿತು. ಇನ್ನೆರಡು ಸಲ ಒತ್ತಿದ್ದೇ ತಡ, ಎಳನೀರಿನ ಸ್ಟ್ರಾ ಮಡಚಿದ ಹಾಗೆ ನಡುವಿನಲ್ಲಿ ಚಪ್ಪಟೆಯಾಗಿ ಕೂತಿತು.

"ಇದು ಹೀಗೆಯೇ ಇರೂದಾ?" ಅಮ್ಮ ಕೇಳಿದರು.

ರಸ್ತೆಯ ಆಚೆ ಬದಿಯ ವೆಲ್ಡಿಂಗ್ ಅಣ್ಣ ಬಂದು ನೋಡಿ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನನ್ನ ಡೈ ಪೈಪಿನದ್ದಂತೆ. ಪೈಪಿನ ಲೆಕ್ಕ ಒಳಗಿನ ತೂತಿನದ್ದಂತೆ, ಅದೂ ಸುಮಾರಿಗೆ. ಒಂದಿಂಚಿನ ನೀರಿನ ಪೈಪು ಹೊರಗಿಂದ ಅಳೆದರೆ 33.7 ಮಿಲಿಮೀಟರ್. ಟ್ಯೂಬು ಹಾಗಲ್ಲ, ಹೊರಗಿನ ಅಳತೆಯೇ ಅದರ ಹೆಸರು, 25.4. "ಎಂಟು ಮಿಲಿಮೀಟರ್ ಗಾಳಿಯನ್ನು ಬಗ್ಗಿಸಿದ್ದೀರಿ ಮಾರಾಯ್ರೆ" ಎಂದರು. ಮುಕ್ಕಾಲು ಇಂಚಿನ ಡೈ 26.9ರ ಪೈಪಿನದ್ದು, ಅದಾದರೆ ಹತ್ತಿರ ಬರುತ್ತದೆ. ಆದರೂ ಟ್ಯೂಬಿನ ತಗಡಿನ ದಪ್ಪ ಬರೇ 1.2 ಮಿಲಿಮೀಟರ್. ಹಾಗಾಗಿ ಒಳಗೆ ಒಣ ಮರಳು ತುಂಬಿಸಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆಯಬೇಕು. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದಾದರೆ ಒದ್ದೆ ಮರಳು ಬೇಡವೇ ಬೇಡ. ಒಳಗೆ ಹಬೆ ಕಟ್ಟಿ ಬೆಣೆ ಗುಂಡಿನ ಹಾಗೆ ಹಾರುತ್ತದಂತೆ.

ಕಾಯಿಸುವ ಯೋಚನೆ ನನಗಿರಲಿಲ್ಲ. ಆದರೂ ಗುಂಡು ಎಂದ ಮೇಲೆ ಹೆದರಿಕೆ. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಒಣ ಮರಳು ಎಲ್ಲಿಂದ ತರುವುದು? ಬಾಣಲೆಯಲ್ಲಿ ಹುರಿದೆ. ಹೆಂಡತಿ ಬಂದು ಬಾಣಲೆಯನ್ನೂ ನನ್ನನ್ನೂ ನೋಡಿ, "ಒಗ್ಗರಣೆ ಬೇಡವಾ?" ಎಂದು ಕೇಳಿ ಹೋದಳು.

ಈ ಸಲ ಟ್ಯೂಬು ಚಪ್ಪಟೆಯಾಗಲಿಲ್ಲ. ಆದರೆ ಒತ್ತಡ ಬಿಟ್ಟ ಕೂಡಲೇ ಒಂದಿಷ್ಟು ಹಿಂದಕ್ಕೆ ಬಂತು. ನನ್ನ ಮಗನಿಗೆ ಮೊಬೈಲ್ ಬಿಡು ಎಂದ ಹಾಗೆಯೇ, ಎದುರಿಗೆ ನಿಂತಿರುವಷ್ಟು ಹೊತ್ತು ಬಗ್ಗುತ್ತಾನೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಬೇಕೆಂದು ಗೊತ್ತಾಗುವಷ್ಟರಲ್ಲಿ ಇನ್ನೊಂದು ಟ್ಯೂಬು ಹೋಯಿತು. ಕಮಾನಿಗಾಗಿ ಗೇಣಿಗೊಂದರಂತೆ ಒತ್ತುತ್ತಾ ಹೋದದ್ದು ಕೊನೆಗೆ ಒಂಟೆಯ ಬೆನ್ನಾಯಿತು.

"ನಿಜ ಹೇಳಿ, ಇದು ಎಂತಕ್ಕೆ?" ವೆಲ್ಡಿಂಗ್ ಅಣ್ಣ ಕೇಳಿದರು.

"ಬಸಳೆ ಚಪ್ಪರಕ್ಕೆ."

"ಅಯ್ಯೋ, ಅಷ್ಟು ದೊಡ್ಡ ಕಮಾನಿಗೆ ಮೂರು ರೋಲರಿನದ್ದು ಬೇಕಿತ್ತಲ್ಲ! ಅಂಗಡಿಯವರು ಹೇಳ್ಲಿಲ್ವಾ?"

ಅಂಗಡಿಯವರು ಕೇಳಿದ್ದರು. ನಾನೇ ಹೇಳಿರಲಿಲ್ಲ.

ಉಳಿದ ಟ್ಯೂಬುಗಳನ್ನು ಅವರ ಶೆಡ್ಡಿಗೆ ಹೊತ್ತೆವು. ರೋಲರಿನ ನಡುವೆ ಆಚೆ ಒಮ್ಮೆ, ಈಚೆ ಒಮ್ಮೆ, ಪ್ರತಿ ಸಲ ಸ್ಕ್ರೂ ಒಂಚೂರು ಬಿಗಿ. ಚಹಾ ಆರುವ ಮೊದಲು ಒಂದು ಕಮಾನು. ಕೂಲಿ ಕೇಳಿದರೆ, "ಎರಡು ಕಟ್ಟು ಬಸಳೆ ಕೊಡಿ, ಅದರೊಟ್ಟಿಗೆ ಹಾಕ್ಲಿಕ್ಕೆ ಮರುವಾಯಿ ಚಿಪ್ಪು ನಾನೇ ತರ್ತೇನೆ" ಎಂದರು.

ಮೊನ್ನೆ ಡ್ರಿಲ್ ಬಿಟ್ಟಿಗೆಂದು ಮತ್ತೆ ಬಂದರಿಗೆ ಹೋಗಿದ್ದೆ. ಅಂಗಡಿಯವರಿಗೆ ನನ್ನ ನೆನಪಿತ್ತು.

"ಹೇಗುಂಟು ವರ್ಕ್‌ಶಾಪು?"

"ಒಳ್ಳೆ ಚಿಗುರಿದೆ" ಎಂದೆ.