40 ಲಕ್ಷದ ಗೆರೆ: ಇರಲೋ, ಅಳಿಸಲೋ?

ಪರ: ಇರಲಿ

ಅಭ್ಯರ್ಥಿಯ ಖರ್ಚಿಗೆ ಮಿತಿ ಇರಬೇಕೆಂದು ವಾದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಹಾರಾಷ್ಟ್ರ ವಿಧಾನಸಭೆಗೆ ನಿಂತವರೆಲ್ಲ ಕಾನೂನಿನ ಮಿತಿಯಾದ 40 ಲಕ್ಷ ರೂಪಾಯಿಯೊಳಗೇ ಚುನಾವಣೆ ಮುಗಿಸುತ್ತಾರೆಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಗೆರೆ ಬೇಕು, ಏಕೆಂದರೆ ಗೆರೆ ಇರುವುದರಿಂದಲೇ ಲೆಕ್ಕ ಇದೆ.

ನಾಮಪತ್ರ ಸಲ್ಲಿಸುವ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ ಕೊಡುವ ಮೊತ್ತ 10,000 ದಾಟಿದರೆ ನಗದು ಕೂಡದು. ದಿನದ ಖರ್ಚು ಬಿಳಿ ಹಾಳೆಯಲ್ಲಿ, ನಗದಿನದು ಗುಲಾಬಿ ಹಾಳೆಯಲ್ಲಿ, ಬ್ಯಾಂಕಿನದು ಹಳದಿಯಲ್ಲಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆ. ವಿಡಿಯೋ ತಂಡದವರು ಸಭೆಗೆ ಬಂದು ಕುರ್ಚಿ, ವಾಹನ, ಪೆಂಡಾಲು, ಕಟೌಟು ಎಲ್ಲ ಚಿತ್ರೀಕರಿಸಿಕೊಳ್ಳುತ್ತಾರೆ. ಲೆಕ್ಕದ ತಂಡ ಅದನ್ನು ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಗೆ ಹಚ್ಚಿ ತನ್ನದೇ ಒಂದು ವಹಿಯಲ್ಲಿ ಬರೆದಿಡುತ್ತದೆ. ಅಭ್ಯರ್ಥಿಯ ಪುಸ್ತಕದಲ್ಲಿ 200 ಕುರ್ಚಿ, ವಿಡಿಯೋದಲ್ಲಿ 1,000 ಇದ್ದರೆ ನೋಟಿಸು ಬಂತೆಂದೇ ಲೆಕ್ಕ. ಫಲಿತಾಂಶದ 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿದರೆ ಮೂರು ವರ್ಷ ಅನರ್ಹತೆ. ಮಿತಿಯೇ ಇಲ್ಲವಾದರೆ ಕುರ್ಚಿ ಎಣಿಸುವ ಗೋಜಿಗೆ ಯಾರು ಹೋಗುತ್ತಾರೆ?

ಇದು ಬರೀ ಕಾಗದದ ಹುಲಿಯಲ್ಲ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಚುನಾವಣಾ ಆಯೋಗ ಅನರ್ಹಗೊಳಿಸಿದ್ದು ಕಾಸಿಗಾಗಿ ಸುದ್ದಿಯ (ಹಣ ಕೊಟ್ಟು ಸುದ್ದಿಯ ವೇಷದಲ್ಲಿ ಹಾಕಿಸಿದ ಪ್ರಚಾರದ) ಖರ್ಚನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕೆ. ಲೆಕ್ಕ ಸಲ್ಲಿಸಿದರಷ್ಟೇ ಸಾಲದು, ಅದು ನಿಜವೋ ಎಂದು ನೋಡುವ ಅಧಿಕಾರವೂ ಆಯೋಗಕ್ಕಿದೆ ಎಂದು ನಮ್ಮ ಮಹಾರಾಷ್ಟ್ರದ್ದೇ ಮಾಜಿ ಮುಖ್ಯಮಂತ್ರಿ ಅಶೋಕ್ ಚವಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು.

ಇನ್ನು ಮುಂಬಯಿಯ ಕನ್ನಡಿಗರಿಗೆ 1967ರ ದಕ್ಷಿಣ ಮುಂಬಯಿ ಲೋಕಸಭಾ ಚುನಾವಣೆಯನ್ನು ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತೇನೆ. ಎಸ್.ಕೆ. ಪಾಟೀಲ ಎಂದರೆ ಮೂರು ಸಲ ಮೇಯರ್ ಆದವರು, ಕೇಂದ್ರದ ರೈಲ್ವೆ ಮಂತ್ರಿ, ಕಾಂಗ್ರೆಸ್ಸಿಗೆ ನಿಧಿ ಎತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎದುರಿಗೆ ಮಂಗಳೂರಿನಿಂದ ಬಂದು ಚೌಪಾಟಿಯಲ್ಲಿ ಮಲಗಿದ್ದ ಜಾರ್ಜ್ ಫರ್ನಾಂಡಿಸ್. ಬೆನ್ನಿಗೆ ಟ್ಯಾಕ್ಸಿಯವರು, ಪಾಲಿಕೆ ನೌಕರರು, ಹೋಟೆಲ್ ಕಾರ್ಮಿಕರು. ಪಾಟೀಲರನ್ನೂ ಸೋಲಿಸಬಹುದು ಎಂಬ ಒಂದೇ ಮಾತನ್ನು ಗೋಡೆಗೋಡೆಗೆ ಅಂಟಿಸಿದರು. ಜನ ಸೋಲಿಸಿಯೂ ಬಿಟ್ಟರು. ಅಂಥವನೊಬ್ಬ ಮತ್ತೆ ನಿಲ್ಲಬೇಕಾದರೆ ಎದುರಾಳಿಯ ಕೈಗೆ ಸ್ವಲ್ಪವಾದರೂ ಕಡಿವಾಣ ಬೇಡವೇ?

ವಿರೋಧ: ಅಳಿಸಿ

ಪರ ಬರೆದವರು ಕುರ್ಚಿ ಎಣಿಸಿದ್ದಾರೆ. ಎಣಿಸಲಿ. ಆ ಕುರ್ಚಿಯ ಬಾಡಿಗೆ ಕೊಟ್ಟದ್ದು ಯಾರು ಎಂಬುದನ್ನು ಅವರ ಮೂರು ಬಣ್ಣದ ಹಾಳೆಗಳು ಹೇಳುವುದಿಲ್ಲ. ನನ್ನ ಪ್ರಶ್ನೆ ಅದೊಂದೇ: ಯಾರ ಹಣ?

ಮೊದಲು ಈ 40 ಲಕ್ಷದ ಅಂದಚಂದ ನೋಡಿ. ಮುಂಬಯಿಯ 36 ಕ್ಷೇತ್ರಗಳಲ್ಲಿ ಸುಮಾರು ಒಂದು ಕೋಟಿ ಮತದಾರರು, ಅಂದರೆ ಕ್ಷೇತ್ರಕ್ಕೆ ಸರಾಸರಿ 2.8 ಲಕ್ಷ. ತಲೆಗೆ 14 ರೂಪಾಯಿ ಬಂತು. ಒಂದು ವಡಾಪಾವ್ ಕೂಡ ಹುಟ್ಟುವುದಿಲ್ಲ. ಗೋವಾದಲ್ಲಿ ಮಿತಿ 28 ಲಕ್ಷ, ಕ್ಷೇತ್ರಕ್ಕೆ ಮತದಾರರು ಮಾತ್ರ 29 ಸಾವಿರದಷ್ಟು. ಅಲ್ಲಿ ತಲೆಗೆ 96. ಗೋವಾದ ಮತದಾರ ಘಾಟ್ಕೋಪರದವನಿಗಿಂತ ಏಳು ಪಟ್ಟು ದುಬಾರಿಯಾದದ್ದು ಯಾವ ನ್ಯಾಯದಲ್ಲಿ?

ಮತದಾನದ ಒಂದೇ ದಿನದ ಲೆಕ್ಕ ಹಾಕೋಣ. ಸಾವಿರ ಮತದಾರರಿಗೊಂದು ಮತಗಟ್ಟೆ ಎಂದರೆ 280 ಮತಗಟ್ಟೆ. ಒಳಗೆ ಒಬ್ಬ ಏಜೆಂಟ್, ಹೊರಗೆ 100 ಮೀಟರ್ ಆಚೆ ಒಂದು ಮೇಜು, ಎರಡು ಕುರ್ಚಿ, ಇಬ್ಬರು ಹುಡುಗರು. ಒಟ್ಟು 840 ಜನ. ಊಟ, ಚಹಾ, ಓಡಾಟ, ದಿನಗೂಲಿ ಸೇರಿ ಒಬ್ಬರಿಗೆ 1,000 ಹಿಡಿದರೂ 8 ಲಕ್ಷ 40 ಸಾವಿರ ಅಲ್ಲಿಗೇ ಹೋಯಿತು. ಕರಪತ್ರ, ಮೆರವಣಿಗೆ, ಕಚೇರಿ ಬಾಡಿಗೆ, ಮೊಬೈಲ್ ಪ್ರಚಾರ ಇನ್ನೂ ಶುರುವಾಗಿಲ್ಲ. ನೆಟ್ಟಗೆ ನಡೆಯಬೇಕೆಂದುಕೊಂಡವನೂ ಸುಳ್ಳು ಲೆಕ್ಕದಿಂದಲೇ ರಾಜಕೀಯದ ಓನಾಮ ಕಲಿಯುತ್ತಾನೆ.

ದೊಡ್ಡವರಿಗೆ ಈ ತಾಪತ್ರಯವಿಲ್ಲ. ಅಭ್ಯರ್ಥಿಯ ಪರವಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕೆಂದು 1974ರಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ವರ್ಷ ಮುಗಿಯುವುದರೊಳಗೆ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ವಿವರಣೆಯೊಂದನ್ನು ಅಂಟಿಸಿ ಆ ತೀರ್ಪನ್ನು ನೀರಿಗೆ ಬಿಟ್ಟಿತು. 2003ರಲ್ಲಿ ಅದನ್ನು ತಿದ್ದಿದರು, ಆದರೆ ಕಿಂಡಿ ಮುಚ್ಚಲಿಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ 40 ತಾರಾ ಪ್ರಚಾರಕರು. ಅವರ ಪ್ರಯಾಣದ ಖರ್ಚು ಅಭ್ಯರ್ಥಿಯದ್ದಲ್ಲ. ಪಕ್ಷದ ಸಾಮಾನ್ಯ ಪ್ರಚಾರವೂ ಅಲ್ಲ. ಪಕ್ಷದ ಖರ್ಚಿಗಂತೂ ಮಿತಿ ಎಂಬುದೇ ಇಲ್ಲ! ಅಭ್ಯರ್ಥಿ ನಾಯಕನ ಹೆಲಿಕಾಪ್ಟರ್ ಹತ್ತಿದರೆ ಅರ್ಧ ಬಾಡಿಗೆ ಅವನ ತಲೆಗೆ ಬೀಳುತ್ತದೆ, ಹಾಗಾಗಿ ಹತ್ತುವುದಿಲ್ಲ, ರಸ್ತೆಯಲ್ಲಿ ಬರುತ್ತಾನೆ. ವೇದಿಕೆ ಏರಿದರೆ ಅಥವಾ ಅವನ ಹೆಸರೋ ಫೋಟೋವೋ ಅಲ್ಲಿದ್ದರೆ ಸಭೆಯ ಖರ್ಚು ಅವನಿಗೆ. ಫೋಟೋ ತೆಗೆದು, ವೇದಿಕೆ ಏರದೆ ನಾಯಕನೊಬ್ಬನನ್ನೇ ಮಾತಾಡಿಸಿದರೆ ಅದು ಪಕ್ಷದ ಪ್ರಚಾರ. ಇಷ್ಟು ಸರಳ.

ಲೆಕ್ಕದ ಅವಧಿಯಾದರೂ ಎಷ್ಟು? ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ. ಅದಕ್ಕೆ ಮೊದಲು ವರ್ಷವಿಡೀ ನಡೆಯುವ ಹಳದಿ-ಕುಂಕುಮ, ದಹಿಹಂಡಿ, ಗಣೇಶ ಮಂಡಳಿಯ ಬ್ಯಾನರ್, ತೀರ್ಥಯಾತ್ರೆಯ ಬಸ್ಸು, ನಮ್ಮವರ ಶನಿಪೂಜೆಗೆ ಊಟ, ಯಕ್ಷಗಾನದ ಆಟಕ್ಕೆ ಮೈಕು-ಪೆಂಡಾಲು ಯಾವ ಹಾಳೆಯಲ್ಲೂ ಬರುವುದಿಲ್ಲ. ಸನ್ಮಾನದ ಶಾಲು ಹೊದೆಸುವ ನಾವೂ ಬಿಲ್ಲು ಕೇಳುವುದಿಲ್ಲ ಬಿಡಿ.

ಮಿತಿ ತೆಗೆದರೆ ಬಡ ಅಭ್ಯರ್ಥಿಯ ಗತಿ ಏನು ಎಂಬ ಅಳಲು. ಈಗೇನು ಎಲ್ಲರೂ ಒಂದೇ ಅಳತೆಯ ಬ್ಯಾನರ್ ಕಟ್ಟಿ, ಒಂದೇ ತಟ್ಟೆಯಲ್ಲಿ ಪೋಹೆ ತಿಂದು ಪ್ರಚಾರ ಮಾಡುತ್ತಿದ್ದಾರೆಯೇ? ಫರ್ನಾಂಡಿಸ್ ಗೆದ್ದದ್ದು ಸಂಘಟನೆಯಿಂದ, ಖರ್ಚಿನ ವಹಿಯಿಂದಲ್ಲ. ಇನ್ನು ಚವಾಣ್ ಪ್ರಕರಣದ ಅರ್ಧ ಕತೆ ಹೇಳಿದವರು ಉಳಿದರ್ಧವನ್ನೂ ಹೇಳಬೇಕಿತ್ತು: ಚವಾಣ್ ಲೆಕ್ಕ ಸರಿಯಿಲ್ಲವೆಂದ ಆಯೋಗದ ಆದೇಶವನ್ನು ಅದೇ ವರ್ಷ ದೆಹಲಿ ಹೈಕೋರ್ಟ್ ರದ್ದುಮಾಡಿತು.

ಯಾರ ಹಣ ಎಂಬ ಪ್ರಶ್ನೆ ಇದೇ ಊರಿನಲ್ಲಿ 1957ರಲ್ಲೇ ಎದ್ದಿತ್ತು. ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ತನ್ನ ಒಡಂಬಡಿಕೆ ಪತ್ರ (ಕಂಪನಿ ಏನೇನು ಮಾಡಬಹುದೆಂದು ಹೇಳುವ ಮೂಲ ದಾಖಲೆ) ತಿದ್ದಿಕೊಳ್ಳುತ್ತೇನೆಂದು ಟಾಟಾ ಉಕ್ಕು ಕಂಪನಿ ಕೇಳಿದಾಗ, ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಾನೂನು ಅಡ್ಡಿಯಿಲ್ಲವೆಂದು ಒಪ್ಪಿದರೂ, ಇದು ಪ್ರಜಾಪ್ರಭುತ್ವಕ್ಕೆ ಅಪಾಯವೆಂದು ಎಚ್ಚರಿಸಿದ್ದರು. ಖರ್ಚಿನ ಮಿತಿ ಆ ಅಪಾಯವನ್ನು ಒಂದಿಂಚೂ ಕದಲಿಸಿಲ್ಲ. ಕದಲಿಸಿದ್ದು ಕೊಟ್ಟವರ ಹೆಸರು ಬಹಿರಂಗವಾದದ್ದು. ಹೆಸರು ಗುಟ್ಟಾಗಿಟ್ಟು ಪಕ್ಷಗಳಿಗೆ ಹಣ ಕೊಡಲು ಬಿಟ್ಟಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಮಾಡಿತು. ಬಾಂಡ್ ಮಾರಿದ್ದ ಸ್ಟೇಟ್ ಬ್ಯಾಂಕ್ ವಿವರ ಕೊಡಲು ಜೂನ್‌ವರೆಗೆ ಸಮಯ ಕೇಳಿತು, ಕೋರ್ಟ್ ಕೊಡಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಕೊಂಡವರ ಹೆಸರು, ಪಡೆದ ಪಕ್ಷ, ಎರಡನ್ನೂ ಜೋಡಿಸುವ ಬಾಂಡ್ ಸಂಖ್ಯೆ ಎಲ್ಲ ಜನರ ಮುಂದಿತ್ತು.

ಅಭ್ಯರ್ಥಿಯ ಆ ಪ್ರತ್ಯೇಕ ಖಾತೆ ಈಗಾಗಲೇ ಇದೆಯಲ್ಲ; ಅದಕ್ಕೆ ಹಣ ಹಾಕಿದವರ ಹೆಸರನ್ನು ದಿನಾ ಸಂಜೆ ಪ್ರಕಟಿಸಲಿ, ಪಕ್ಷದ ಖಾತೆಯನ್ನೂ ಸೇರಿಸಲಿ, 40 ಲಕ್ಷದ ಗೆರೆ ಒರೆಸಿಬಿಡಲಿ. ಅಭ್ಯರ್ಥಿ ಸಲ್ಲಿಸಿದ ಲೆಕ್ಕವನ್ನು ಈಗಲೂ ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ಚುನಾವಣಾ ನಿಯಮಾವಳಿಯ 88ನೇ ನಿಯಮವೇ ಹಾಗೆ ಹೇಳುತ್ತದೆ. ತೊಂದರೆ ಇಷ್ಟೇ: ಆ ಲೆಕ್ಕ ಕೈಗೆ ಬರುವ ಹೊತ್ತಿಗೆ ಮತ ಹಾಕಿ ತಿಂಗಳಾಗಿರುತ್ತದೆ.