ಹುಡುಗ ಒಳ್ಳೆಯವನು, ಆದ್ರೆ ಬಸ್ಸಲ್ಲಿ ಓಡಾಡ್ತಾನೆ

ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡೋಕೆ ಈಗ ಜನ ಹಿಂದೆಮುಂದೆ ನೋಡುತ್ತಾರಂತೆ. ಹೇಳಿದ್ದು ಮದುವೆ ಬ್ರೋಕರ್ ಅಲ್ಲ. ಬೆಂಗಳೂರು ಅಭಿವೃದ್ಧಿಯ ಹೊಣೆ ಹೊತ್ತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. 2025ರ ಅಕ್ಟೋಬರಿನಲ್ಲಿ, ಸುರಂಗ ರಸ್ತೆ ಯಾಕೆ ಬೇಕು ಅನ್ನುವ ವಾದದ ನಡುವೆ ಬಂದ ಮಾತು. ಇಷ್ಟು ವರ್ಷ ನಾವು ಸುಮ್ನೆ ಸಿಗ್ನಲ್ಲು, ಗುಂಡಿ, ಎಂಜಿನಿಯರುಗಳನ್ನು ಬೈಯುತ್ತಿದ್ದೆವು. ದೋಷ ಇದ್ದದ್ದು ಜಾತಕದಲ್ಲಿ.

ಪರಿಹಾರವೂ ದೊಡ್ಡದೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಸುಮಾರು 17 ಕಿ.ಮೀ. ಖರ್ಚು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಕಿಲೋಮೀಟರಿಗೆ ಸಾವಿರ ಕೋಟಿ ಅಂತಿಟ್ಟುಕೊಳ್ಳಿ. ಮದುವೆ ಖರ್ಚು ಅಂದುಕೊಂಡರೂ ಸ್ವಲ್ಪ ಜಾಸ್ತಿಯೇ ಆಯ್ತು. ಒಳಗೆ ಬೈಕಿಗೆ ಪ್ರವೇಶವಿಲ್ಲ, ಆಟೋಗೂ ಇಲ್ಲ. ಈ ಊರಿನ ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ದ್ವಿಚಕ್ರವೇ. ಅವರೆಲ್ಲ ಮೇಲೆಯೇ ಇರಲಿ, ಧೂಳು ಕುಡಿಯಲಿ, ಬ್ರಹ್ಮಚರ್ಯ ಆರೋಗ್ಯಕ್ಕೆ ಒಳ್ಳೆಯದು. ಲಾಲ್‌ಬಾಗಿನ ಜಾಗವೂ ಬೇಕು ಅಂದಾಗ ಒಂದಷ್ಟು ಗಲಾಟೆ ಆಯ್ತು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಆದರೆ ಕನಕಪುರದ ಬಂಡೆ ಅನ್ನಿಸಿಕೊಂಡ ಶಿವಕುಮಾರರ ಮುಂದೆ ಲಾಲ್‌ಬಾಗಿನ ಬಂಡೆ ಎಷ್ಟರದ್ದು?

ಹೆಣ್ಣು ಸಿಗದ ಕಷ್ಟ ಸುಳ್ಳಲ್ಲ, ಅದನ್ನು ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ರೈತರ ಮಕ್ಕಳು ಹೆಣ್ಣು ಸಿಗಲಿ ಅಂತ ಬ್ರಹ್ಮಚಾರಿಗಳ ಪಾದಯಾತ್ರೆ ಮಾಡಿದ್ದರು. ಮದ್ದೂರಿನ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ, ನಡೆದೇ. ಅದಾಗಿ ಎರಡು ತಿಂಗಳಿಗೆ ಚುನಾವಣೆಯ ಹೊತ್ತಿನಲ್ಲಿ ಎಚ್.ಡಿ. ಕುಮಾರಸ್ವಾಮಿ, ರೈತರ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ಕೊಡ್ತೀನಿ ಅಂದರು. ಪಾಪ, ಆ ಹುಡುಗರು ಮಾದಪ್ಪನ ಹತ್ತಿರ ಕೇಳಿದ್ದು ಹೆಣ್ಣು ಮಾತ್ರ. ಕಾರು ಮೊದಲು, ಹೆಣ್ಣು ಆಮೇಲೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅಷ್ಟು ದೂರ ನಡೆಯುವ ಬದಲು ಮೈಸೂರು ರಸ್ತೆಯಲ್ಲೇ ಯಾವುದಾದರೂ ಶೋರೂಮಿಗೆ ಹರಕೆ ಹೊರುತ್ತಿದ್ದರು.

ಇನ್ನೊಂದು ತೊಡಕಿದೆ. ಇದೇ ಸರ್ಕಾರ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದೆ. ಒಳ್ಳೆಯ ಕೆಲಸ, ಇದರಲ್ಲಿ ವ್ಯಂಗ್ಯ ಇಲ್ಲ. ಹಾಗಾಗಿ ವಧು ಶಕ್ತಿ ಯೋಜನೆಯಲ್ಲಿ ಮೇಲೆ ಬರುತ್ತಾಳೆ, ವರ ಟೋಲ್ ಕಟ್ಟಿ ಕೆಳಗೆ ಬರುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಎಲ್ಲಿ? ಸಿಲ್ಕ್ ಬೋರ್ಡಿನಲ್ಲಿ. ಅಲ್ಲಿ ಹೇಗೂ ಇಬ್ಬರೂ ನಿಂತಿರುತ್ತಾರೆ. ಪ್ರೀತಿ ಹುಟ್ಟಿ, ನಿಶ್ಚಿತಾರ್ಥ ಮುಗಿಯುವಷ್ಟು ಸಮಯ ಇರುತ್ತದೆ.

ನಗು ಸಾಕು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿಸಿದರು. ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಯ್ತು. ಬೈಕ್ ಟ್ಯಾಕ್ಸಿ ಜೂನ್‌ನಲ್ಲಿ ನಿಂತಿತು. ಹಳದಿ ಮಾರ್ಗ ಆಗಸ್ಟಿನಲ್ಲಿ ಶುರುವಾದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೇ ಅಂತ ಒಂದು ಪಥ ಮಾಡಿದ್ದರು, ಮೆಟ್ರೊ ಕಾಮಗಾರಿ ಬಂದ ಮೇಲೆ ಅದು ಎಲ್ಲಿ ಹೋಯ್ತೋ ಗೊತ್ತಿಲ್ಲ. ಬಸ್ಸು ಹತ್ತುವವನು, ಸೈಕಲ್ ತುಳಿಯುವವನು, ನಡೆಯುವವನು ಒಂದು ಕಾರನ್ನು ರಸ್ತೆಯಿಂದ ಕಮ್ಮಿ ಮಾಡಿದವನು. ಅವನ ಜೇಬಿಗೇ ಕೈ ಹಾಕಿ, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇಟ್ಟು, ಆಮೇಲೆ ನಿನಗೆ ಹೆಣ್ಣೂ ಸಿಗಲ್ಲ ಅಂತೀರಲ್ಲ, ಏನನ್ನಬೇಕು ನಿಮಗೆ?

ಹೆಬ್ಬಾಳದ ಮೇಲೆ ಕಾಂಗ್ರೆಸ್ ಸರ್ಕಾರಕ್ಕೆ ಕಣ್ಣು ಬಿದ್ದದ್ದು ಇದೇ ಮೊದಲಲ್ಲ. ಬಸವೇಶ್ವರ ಸರ್ಕಲ್ಲಿನಿಂದ ಅಲ್ಲಿಗೆ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ 2016ರಲ್ಲಿ ಜನ ಕೈಕೈ ಹಿಡಿದು ಬೀದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಕೈಬಿಟ್ಟರು. ಮೇಲೆ ಬೇಡ ಅಂದದ್ದನ್ನು ಕೆಳಗೆ ಮಾಡಿ ಅಂತ ಕೇಳಿಸಿಕೊಂಡರೋ ಏನೋ. ಅದೇ ಚಳಿಗಾಲದಲ್ಲಿ ಜನ ‘ಚುಕುಬುಕು ಬೇಕು’ ಅಂತಲೂ ಕೂಗಿದ್ದರು. ಉಪನಗರ ರೈಲು, 148 ಕಿ.ಮೀ. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿ, 40 ತಿಂಗಳಲ್ಲಿ ಮುಗಿಸ್ತೀವಿ ಅಂದರು. ಕಾರು-ಹೆಣ್ಣಿನ ಮಾತು ಬಂತಲ್ಲ, ಆ ತಿಂಗಳಿಗೇ 40 ಭರ್ತಿ. ಒಂದೂ ರೈಲು ಓಡಿರಲಿಲ್ಲ. ದಿಲ್ಲಿಯವರು ಬೆಂಗಳೂರಿನ ಕಡೆ, ಬೆಂಗಳೂರಿನವರು ದಿಲ್ಲಿಯ ಕಡೆ ಬೆರಳು ತೋರಿಸಿಕೊಂಡು ಕೂತಿದ್ದಾರೆ.