ಅಜ್ಜಿಯ ಚಸ್ಮಾ ತೆಗೆಸಿದವರಿಗೆ

ಈಗಷ್ಟೇ ಬೀದರ್ ಬಸ್ಸಿಳಿದು ಮನೆಗೆ ಬಂದೆ. ಕಾಲು ತೊಳೆದಿಲ್ಲ, ಚಾ ಕುಡಿದಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲಾಂದ್ರೆ ಈ ಸಿಟ್ಟೆಲ್ಲ ನಾಳೆ ಏಳನೇ ಕ್ಲಾಸಿನ ಹುಡುಗರ ಮೇಲೆ ಬೀಳುತ್ತದೆ. ಪಾಪ, ಅವರೇನು ಮಾಡಿದ್ದಾರೆ?

ನನ್ನ ಭಾನುವಾರದ ಹುಚ್ಚು ನಿಮಗೆ ಗೊತ್ತೇ ಇದೆ. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಆಧಾರ್ ಕಾರ್ಡು, ಯಾವ ಬಸ್ಸು ಮೊದಲು ಸಿಗುತ್ತೋ ಆ ಊರು. (2023ರ ಜೂನಿನಿಂದ ನನ್ನ ಫೋಟೋಗ್ರಫಿಗೆ ಸರ್ಕಾರವೇ ಬಸ್ ಚಾರ್ಜು ಕೊಡುತ್ತಿದೆ. ನಮ್ಮನೆಯವರಿಗೆ ಇದೊಂದು ಸಂಕಟ.) ಇವತ್ತು ಬೀದರ್ ಸಿಕ್ಕಿತು.

ಮಹಮೂದ್ ಗವಾನ್ ಮದರಸಾದ ಹತ್ತಿರ, ರಸ್ತೆ ಬದಿ, ಒಬ್ಬ ಅಜ್ಜಿ ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ದಪ್ಪ ಗಾಜಿನ ಚಸ್ಮಾ. ಅದರ ಒಂದು ಕಡ್ಡಿ ಮುರಿದಿತ್ತು, ಅಲ್ಲಿ ಕೆಂಪು ದಾರ ಸುತ್ತಿದ್ದರು. ಬುಟ್ಟಿಗೆ ಒರಗಿಸಿಟ್ಟ ಸ್ಕ್ಯಾನರ್. ಪಕ್ಕದಲ್ಲಿ, ರೊಕ್ಕ ಬಂದಾಗ ಕೂಗಿ ಹೇಳುವ ಡಬ್ಬಿ. ಕಾಲಲ್ಲಿ ನೀಲಿ ರಬ್ಬರ್ ಚಪ್ಪಲಿ. ನಾನು ಉಪ್ಪು ಖಾರ ಹಚ್ಚಿಸಿಕೊಂಡು ಅಲ್ಲೇ ಕಟ್ಟೆ ಮೇಲೆ ಕೂತು ತಿನ್ನುತ್ತಿದ್ದೆ.

ಅಷ್ಟರಲ್ಲಿ ಬಂತು ದಂಡು. ಬೆಂಗಳೂರಿನಿಂದ ಬಂದ ಫೋಟೋ ವರ್ಕ್‌ಶಾಪ್ ಅಂತೆ. ಎಲ್ಲರ ಕೊರಳಲ್ಲೂ ನನ್ನ ಎಷ್ಟೋ ತಿಂಗಳ ಸಂಬಳ ನೇತಾಡುತ್ತಿತ್ತು. ಮುಂದೆ ಒಬ್ಬ ಗುರು. ದಿನನಿತ್ಯದ ಬದುಕಿನಲ್ಲಿ ಕಥೆ ಹುಡುಕುವುದು ಹೇಗೆ ಅಂತ ಹೇಳಿಕೊಡುತ್ತಾ ಬರುತ್ತಿದ್ದರು. ಅಜ್ಜಿಯನ್ನು ನೋಡಿ ನಿಂತರು.

"ಅಜ್ಜಿ, ಕನ್ನಡಕ ಸ್ವಲ್ಪ ತೆಗೀತೀರಾ?"

"ತೆಗದ್ರ ನಿಮ್ ಮಾರಿ ನನಗ ಹ್ಯಾಂಗ ಕಾಣ್ತದಪಾ?"

ಎಲ್ಲರೂ ನಕ್ಕರು. ನಕ್ಕು, ತೆಗೆಸಿಯೇಬಿಟ್ಟರು. ಆಮೇಲೆ ಚಪ್ಪಲಿ ಬಿಚ್ಚಿಸಿದರು. ಡಬ್ಬಿಯನ್ನು ಗೋಣಿಚೀಲದ ಕೆಳಗೆ ತಳ್ಳಿದರು. ಸ್ಕ್ಯಾನರನ್ನು ಮಕಾಡೆ ಮಲಗಿಸಿದರು. "ದೂರ ನೋಡಿ ಅಜ್ಜಿ, ಏನೋ ಯೋಚನೆ ಮಾಡೋ ಥರ." ಚಸ್ಮಾ ಇಲ್ಲದ ಅಜ್ಜಿಗೆ ದೂರದ್ದೇನು ಕಾಣಬೇಕು? ಸುಮ್ನೆ ಕೂತರು. ಕ್ಯಾಮೆರಾಗಳು ಪಟಪಟ ಅಂದವು. ಬೈಕಿನಲ್ಲಿ ಬಂದ ಹುಡುಗನೊಬ್ಬ ಅರ್ಧ ಕಿಲೋ ಕೇಳಿ ಸ್ಕ್ಯಾನರ್ ಹುಡುಕಿದ. ಗುರುಗಳು ಕೈ ಎತ್ತಿ "ಒಂದ್ನಿಮಿಷ ಬ್ರೋ" ಅಂದರು. ಅವನು ಕಾಯಲಿಲ್ಲ, ಹೋದ.

ಮುಂದಿನದು ಕೇಳಿ. ಫೋಟೋ ಮುಗಿಯಿತು. ಅಜ್ಜಿಗೆ ಏನಾದರೂ ಕೊಡಬೇಕಲ್ಲ. ಎಲ್ಲರೂ ಜೇಬು ತಡಕಾಡಿದರು. ಒಬ್ಬರ ಹತ್ತಿರವೂ ನೋಟಿಲ್ಲ! ಕೊನೆಗೆ ಗುರುಗಳೇ ಕೇಳಿದರು: "ಅಜ್ಜಿ, ಸ್ಕ್ಯಾನರ್ ಇದೆಯಾ?"

ದೇವರಾಣೆ, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಮಕಾಡೆ ಬಿದ್ದದ್ದನ್ನು ತಾವೇ ಎತ್ತಿ, ಬಗ್ಗಿ ಸ್ಕ್ಯಾನ್ ಮಾಡಿದರು. ಗೋಣಿಚೀಲದ ಕೆಳಗಿಂದ ಡಬ್ಬಿ ಕೂಗಿತು, ಐವತ್ತು ರೂಪಾಯಿ ಬಂತು ಅಂತ. ಅಷ್ಟು ಕ್ಯಾಮೆರಾಗಳಿದ್ದವು, ಒಬ್ಬರಾದರೂ ಅದನ್ನು ತೆಗೆದರಾ? ಇಲ್ಲ. ಎಲ್ಲರೂ ಲೆನ್ಸಿನ ಮುಚ್ಚಳ ಹಾಕುತ್ತಿದ್ದರು. ನಾನು ತೆಗೆದೆ. ಇಲ್ಲಿ ಹಾಕುವುದಿಲ್ಲ. ಅಷ್ಟು ಮರ್ಯಾದೆ ನಮ್ಮವ್ವ ಕಲಿಸಿದ್ದಾಳೆ.

ಅವರು ಹೋದ ಮೇಲೆ ಕೇಳಿದೆ, ಸ್ಕ್ಯಾನರ್ ಯಾರ ಹೆಸರಲ್ಲಿದೆ ಅಂತ. ಮೊಮ್ಮಗಳದಂತೆ. ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳಂತೆ. "ರೊಕ್ಕ ಎಲ್ಲ ಆಕಿ ಕಡೆ ಹೋಗ್ತದ ಯವ್ವಾ. ನನಗ ಬರೇ ಸಪ್ಪಳ ಕೇಳ್ತದ" ಅಂದು ಬಾಯ್ತುಂಬ ನಕ್ಕರು.

ಕಥೆ ಬೇಕಿತ್ತಂತೆ ಅವರಿಗೆ! ಕಥೆಯನ್ನೇ ಎತ್ತಿ ಗೋಣಿಚೀಲದ ಕೆಳಗೆ ತಳ್ಳಿದರಲ್ರೀ. ಉಳಿದದ್ದೇನು? ಬರಿಗಾಲಿನ, ಎತ್ತಲೋ ನೋಡುವ ಒಬ್ಬ ಬಡ ಮುದುಕಿ. ಅವರು ಬೀದರಿನವರೂ ಆಗಬಹುದು, ಬಿಹಾರದವರೂ ಆಗಬಹುದು. ಈ ವರ್ಷದವರೂ ಆಗಬಹುದು, ನಲವತ್ತು ವರ್ಷದ ಹಿಂದಿನವರೂ ಆಗಬಹುದು. ಕೆಳಗೆ 'ಬದುಕಿನ ಸಂಜೆ' ಅಂತ ಬರೆದರೆ ಮುಗೀತು. ಲೈಕು ಬಂದೇ ಬರುತ್ತವೆ.

ನನಗೆ ಇನ್ನೂ ಉರಿದದ್ದು ಇದಕ್ಕೆ. ಅಜ್ಜಿಯ ಬೆನ್ನ ಹಿಂದೆಯೇ ಆ ಮದರಸಾ ಇದೆ. 1472ರಲ್ಲಿ ಕಟ್ಟಿಸಿದ್ದು. 1696ರಲ್ಲಿ ಒಳಗಿಟ್ಟ ಮದ್ದು ಸಿಡಿದು ಎದುರಿನ ಅರ್ಧ ಭಾಗ ಹೋಯಿತು, ಒಂದು ಮಿನಾರ್ ಬಿತ್ತು. ಉಳಿದ ಒಂದೇ ಮಿನಾರನ್ನು, ಅರ್ಧ ಉದುರಿದ ನೀಲಿ ಹಂಚುಗಳನ್ನು ಇದೇ ಜನ ಎಲ್ಲ ಕೋನದಿಂದಲೂ ತೆಗೆದಿದ್ದರು. ಕಟ್ಟಡ ಮುರಿದಿದ್ದರೆ ಚೆಂದ. ಚಸ್ಮಾದ ಕಡ್ಡಿ ಮುರಿದಿದ್ದರೆ ಬೇಡ. ಇದ್ಯಾವ ನ್ಯಾಯ?

ದಂಡು ಅಲ್ಲಿಂದ ಚೌಬಾರಾ ಕಡೆಯ ಒಂದು ಬಿದ್ರಿ ಅಂಗಡಿಗೆ ಹೋಯಿತು. ನಾನೂ ಹಿಂದೆಯೇ ಹೋದೆ. ಕುತೂಹಲವೋ ಹೊಟ್ಟೆಕಿಚ್ಚೋ, ಏನಾದರೂ ಅಂದುಕೊಳ್ಳಿ. ಒಳಗೆ ಒಬ್ಬರು ಬಟ್ಟಲಿನ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಗೆ ಬೆಳ್ಳಿ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಮೈ ಮೇಲೆ ಕ್ರಿಕೆಟ್ ಟೀಮಿನ ಜೆರ್ಸಿ. ಪಕ್ಕದಲ್ಲಿ ಬಾಯಿ ಕತ್ತರಿಸಿದ ಅಡುಗೆ ಎಣ್ಣೆಯ ಕ್ಯಾನು, ಅದರ ತುಂಬ ಮಣ್ಣು.

ಗುರುಗಳು ಹೇಳಿದ ಮೊದಲ ಮಾತು ಏನು ಹೇಳಿ ನೋಡೋಣ? "ಆ ಕ್ಯಾನ್ ಸ್ವಲ್ಪ ಪಕ್ಕಕ್ಕೆ ಇಡ್ತೀರಾ?"

ಬಿದ್ರಿಯ ಜೀವ ಇರುವುದೇ ಆ ಕ್ಯಾನಿನಲ್ಲಿ. ಕೊರೆಯುವಾಗ ಬಟ್ಟಲು ಕಪ್ಪಗಿರುತ್ತದಲ್ಲ, ಅದು ಮೈಲುತುತ್ತದ ನೀರು ಸವರಿದ್ದು, ಗೆರೆ ಕಾಣಲಿ ಅಂತ. ಉಜ್ಜಿದರೆ ಹೋಗುತ್ತದೆ. ನಿಜವಾದ ಕಪ್ಪು ಬರುವುದು ಕೊನೆಗೆ. ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ, ನೀರು ಹಾಕಿ ಕುದಿಸಿ, ಅದರಲ್ಲಿ ಅದ್ದಬೇಕು. ಸತುವು ಜಾಸ್ತಿ, ತಾಮ್ರ ಸ್ವಲ್ಪ ಇರುವ ಆ ಲೋಹ ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಅದಕ್ಕೆ ಯಾವ ಮಣ್ಣಾದರೂ ನಡೆಯುವುದಿಲ್ಲ. ಮಳೆ ಬಿಸಿಲು ತಾಗದ ಜಾಗದ್ದೇ ಬೇಕು. ಸರಿ ಇದೆಯೋ ಇಲ್ಲವೋ ಅಂತ ನಾಲಿಗೆ ಮೇಲಿಟ್ಟು ನೋಡುತ್ತಾರೆ. ದಂಡು ಹೊರಟ ಮೇಲೆ ಆ ಕಾರಿಗರು ಒಂದು ಚಿಟಿಕೆ ನನ್ನ ಅಂಗೈಗೂ ಹಾಕಿ "ಚಾಟ್ ಕೆ ದೇಖೋ ಆಪಾ" ಅಂದರು. ಚಾಟಿದೆ. ನನಗೇನೂ ತಿಳಿಯಲಿಲ್ಲ. ಅವರಿಗೆ ತಿಳಿಯುತ್ತದೆ, ಅಷ್ಟು ಸಾಕು.

2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನೆನಪಿದೆಯಾ? ನನ್ನ ಫೋನಿಗೆ ಬಂದದ್ದೆಲ್ಲ ಹೂದಾನಿ, ಹುಕ್ಕಾ, ಆನೆ. ಮಣ್ಣಿನ ಫೋಟೋ ಒಬ್ಬರೂ ಕಳಿಸಲಿಲ್ಲ. ಕೊನೆಗೆ ಜೆರ್ಸಿ ಮೇಲೆ ಯಾರದೋ ಬಿಳಿ ಕುರ್ತಾ ಹಾಕಿಸಿ, ಕೈಗೆ ಅಂಗಡಿಯ ಹುಕ್ಕಾ ಕೊಟ್ಟು ಇವತ್ತಿನ ಫೋಟೋನೂ ಮುಗಿಸಿದರು.

ಬೆಂಗಳೂರಿನವರನ್ನೇ ಬೈದು ಕೈ ತೊಳೆದುಕೊಳ್ಳುವುದಿಲ್ಲ. ನಮ್ಮವರೇನು ಕಡಿಮೆ? ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಕಲಬುರಗಿ, ಯಾದಗಿರಿಯ ಫೋಟೋ ಗೆಳೆಯರು ಒಂದು ಬಿರುಕು ಬಿಟ್ಟ ನೆಲದ ಫೋಟೋ ಹಾಕಲೇಬೇಕು. ಕೆಳಗೆ 'ಬರ'. ಅಲ್ರಪ್ಪಾ, ನೀವೂ ರೈತರ ಮಕ್ಕಳೇ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡದೆ ಇನ್ನೇನು ಮಾಡುತ್ತದೆ? ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಒಳ್ಳೆ ಮಳೆ ಆಗಿ ತೊಗರಿ ರಾಶಿ ಮನೆ ತುಂಬಿದ ವರ್ಷವೂ ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಬಿದ್ದು ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಹೋದ ಬೇಸಿಗೆಯಲ್ಲಿ ಶಹಾಪುರದ ಹತ್ತಿರ ಅಂಥದೇ ಫೋಟೋ ತೆಗೆಯುವವನನ್ನು ನೋಡಿದೆ. ಪಕ್ಕದಲ್ಲೇ ಕಾಲುವೆ ನೀರಿನ ಹಸಿರು ಗದ್ದೆ. ಅದು ಫ್ರೇಮಿಗೆ ಬರಬಾರದು ಅಂತ ಬೋರಲು ಮಲಗಿದ್ದ ಪುಣ್ಯಾತ್ಮ. ಬರ ಬಂದ ವರ್ಷ ಬರದ ಫೋಟೋ ತೆಗೆಯಿರಿ, ಯಾರು ಬೇಡ ಅಂದರು? ಇಲ್ಲದ ವರ್ಷ ನಮ್ಮ ಜಿಲ್ಲೆಯ ಹಣೆಗೆ ಅದನ್ನೇ ಯಾಕೆ ಅಂಟಿಸುತ್ತೀರಿ?

ಬಸ್ಸಿನಲ್ಲಿ ಬರುತ್ತಾ ನಮ್ಮೂರಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನದು ಒಂದೇ ವಾದ. "ಟೀಚರ್ರೇ, ಫೋಟೋ ಅಂದ್ರ ಆರಿಸೋದ್ರಿ. ನೋಡೋರ ಕಣ್ಣು ಒಂದ್ಕಡೆ ನಿಲ್ಲಬೇಕಂದ್ರ ಕಸ ತೆಗೀಲೇಬೇಕು."

ಸರಿ, ಒಪ್ಪಿದೆ. ಆರಿಸಬೇಕು. ಅದಕ್ಕೆ ನಿನ್ನ ಕಾಲಿಲ್ಲವಾ? ಎರಡು ಹೆಜ್ಜೆ ಎಡಕ್ಕೆ ಹೋಗು. ಬಗ್ಗು. ಮಂಡಿ ಊರು. ಅಪರ್ಚರ್ ತೆರೆದು ಹಿಂದಿನದನ್ನು ಮಬ್ಬು ಮಾಡು. ಡಿಸೆಂಬರ್ ಬಿಸಿಲು ಮಧ್ಯಾಹ್ನವೂ ಓರೆಯಾಗಿ ಬೀಳುತ್ತದೆ, ನೆರಳು ಸರಿಯುವತನಕ ಕಾಯಿ. ಮತ್ತೆ, ಚಸ್ಮಾ ಕಸ ಅಂತ ಹೇಳಿದವರು ಯಾರು? ಫೋನಿನಲ್ಲಿ ಹೀಗೇ ಜೋರಾಗಿ ಕೇಳಿದೆ. ಕಂಡಕ್ಟರ್ ತಿರುಗಿ ನೋಡಿದರು. ಗೆಳೆಯ ಗಿರಾಕಿ ಬಂದರು ಅಂತ ಫೋನ್ ಇಟ್ಟ. ಭಾನುವಾರ ರಾತ್ರಿ ಯಾವ ಗಿರಾಕಿಯೋ ಏನೋ.

ದೊಡ್ಡವರೂ ಇದನ್ನೇ ಮಾಡುತ್ತಾರಲ್ಲ ಅನ್ನಬಹುದು. ಮಾಡುತ್ತಾರೆ. ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಫೋಟೋ ತೆಗೆದ ಸ್ಟೀವ್ ಮೆಕ್ಕರಿಯ ಕೆಲವು ಚಿತ್ರಗಳಲ್ಲಿ ಜನರನ್ನು, ವಸ್ತುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದು 2016ರಲ್ಲಿ ಬಯಲಾಯಿತು. ಆಗ ಅವರು ತಾನು ಚಿತ್ರದಲ್ಲಿ ಕಥೆ ಹೇಳುವವನು ಅಂದರು. ನೋಡಿ, ಅಲ್ಲೂ ಅದೇ 'ಕಥೆ'! ಅಳಿಸುವವರಿಗೆಲ್ಲ ಕಥೆ ಒಂದು ನೆಪ. ಇನ್ನೊಂದು ಕಡೆ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಇದ್ದರು. 1977ರಲ್ಲಿ ಪದ್ಮಶ್ರೀ ಬಂದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸದ ಫೋಟೋ ತೆಗೆಯಲು ಊರೂರು ಅಲೆದರು. ಅವರ ಫೋಟೋಗಳಲ್ಲಿ ಸಾಮಾನ್ಯ ಜನ ತಮ್ಮ ಕೆಲಸದಲ್ಲಿ ತಾವಿದ್ದಾರೆ. ನಮ್ಮನ್ನು ನೋಡಿ ಅಯ್ಯೋ ಅನ್ನಿ ಅಂತ ಕೇಳುವುದಿಲ್ಲ.

ನಾನು ಸತ್ಯನ್ ಅಲ್ಲ, ಗೊತ್ತು. ನನ್ನ ಫೋಟೋಗಳಲ್ಲಿ ಅರ್ಧ ಅಲುಗಾಡಿರುತ್ತವೆ. ಆದರೆ ನಮ್ಮಂಥ ಹವ್ಯಾಸಿಗಳಿಗೆ ಒಂದು ಸುಖ ಇದೆ. ಸಂಜೆಯೊಳಗೆ ಕಳಿಸಿ ಅನ್ನುವ ಸಂಪಾದಕ ಇಲ್ಲ, ದುಡ್ಡು ಕೊಟ್ಟ ಗಿರಾಕಿ ಇಲ್ಲ. ಕಟ್ಟೆ ಮೇಲೆ ಕೂತು ಪೇರಲ ತಿನ್ನಬಹುದು. ಅಷ್ಟು ಹೊತ್ತು ಇದ್ದೂ ಅಜ್ಜಿಯ ಚಪ್ಪಲಿ ಬಿಚ್ಚಿಸುವ ಅವಸರ ಯಾಕೆ ಅಂತ ನನ್ನ ಪ್ರಶ್ನೆ.

ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮವ್ವ ತೀರಿಕೊಂಡಾಗ ಮನೆಯಲ್ಲಿ ಅವಳದೊಂದು ಸರಿಯಾದ ಫೋಟೋ ಇರಲಿಲ್ಲ. ವೋಟರ್ ಕಾರ್ಡಿನದೇ ಕೊಟ್ಟು ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು ಸುಕ್ಕು ತೆಗೆದರು. ಹಣೆಯ ಹಚ್ಚೆಯನ್ನು ಕಲೆ ಅಂದುಕೊಂಡು ಅದನ್ನೂ ತೆಗೆದರು. ಕೊರಳಿಗೆ ಎರಡೆಳೆ ಸರ, ಮೈಗೆ ರೇಷ್ಮೆ ಸೀರೆ ಹಾಕಿದರು. ಜೀವಮಾನದಲ್ಲಿ ಅವಳು ಕೊರಳಿಗೆ ಹಾಕದ ಸರ. ನಮ್ಮಣ್ಣನಿಗೆ ಬಹಳ ಖುಷಿ. ನನಗೆ ಇವತ್ತಿಗೂ ಊದುಬತ್ತಿ ಹಚ್ಚುವಾಗ ಯಾರದೋ ಮನೆಯ ಸಾಹುಕಾರ್ತಿಗೆ ಕೈ ಮುಗಿದ ಹಾಗಾಗುತ್ತದೆ. ಒಲೆ ಮುಂದೆ ಕೂತು ರೊಟ್ಟಿ ಬಡಿಯುವಾಗ ಬಳೆಗಳನ್ನು ಮೊಣಕೈತನಕ ತಳ್ಳಿಕೊಳ್ಳುತ್ತಿದ್ದಳು, ಅವು ಮತ್ತೆ ಜಾರುತ್ತಿದ್ದವು, ಮತ್ತೆ ತಳ್ಳುತ್ತಿದ್ದಳು. ಅದು ಎಲ್ಲೂ ಇಲ್ಲ. ಕ್ಯಾಮೆರಾ ಕೊಂಡದ್ದು ಅದಕ್ಕೇ. ಇದನ್ನು ನಮ್ಮನೆಯವರಿಗೂ ಹೇಳಿರಲಿಲ್ಲ, ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತಷ್ಟೇ ಹೇಳಿದ್ದೆ. ಈಗ ಓದುತ್ತಾರೆ. ಓದಲಿ.

ಇರಲಿ. ಎಳ್ಳ ಅಮಾಸಿ ಹತ್ತಿರ ಬಂತು. ಕ್ಯಾಮೆರಾ ಇರುವವರು, ಬರೀ ಮೊಬೈಲ್ ಇರುವವರು, ಎಲ್ಲರೂ ನಮ್ಮ ತಮ್ಮನ ಹೊಲಕ್ಕೆ ಬನ್ನಿ. ಚರಗ ಚೆಲ್ಲುವುದು (ಹೊಲದ ತುಂಬ ನೈವೇದ್ಯ ಎರಚುವುದು) ಇರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ. ಪ್ಲಾಸ್ಟಿಕ್ ಕುರ್ಚಿ, ಟ್ರ್ಯಾಕ್ಟರ್ ಮೇಲಿನ ಸ್ಪೀಕರ್, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಪಾಂಡವರಿಗೆ ಪೂಜೆ ಮಾಡುವ ನಮ್ಮ ಕಾಕಾ, ಎಲ್ಲ ಇರುತ್ತಾರೆ. ಕಾಕಾನ ಗ್ಲಾಸ್ ತೆಗೆಸಿದವರಿಗೆ ಭಜ್ಜಿ ಇಲ್ಲ, ಸಜ್ಜಿರೊಟ್ಟಿ ಇಲ್ಲ, ಮಜ್ಜಿಗೆಯೂ ಇಲ್ಲ. ಮುಂಚೆ ಫೋನ್ ಮಾಡಿ ಬನ್ನಿ, ರೊಟ್ಟಿ ಲೆಕ್ಕ ಹಾಕಬೇಕು. ಬಸ್ ಚಾರ್ಜು ನಿಮ್ಮದೇ. ಹೆಂಗಸರಿಗೆ ಆ ಚಿಂತೆಯೂ ಇಲ್ಲ.